ಗೇಣು ಆಳದ ತೊಟ್ಟಿ

ಮುತ್ಯಾಲಮ್ಮ ಮಗಳ ಕೈಯಿಂದ ನೀರು ಕುಡಿಯುವುದನ್ನು ಬಿಟ್ಟು ಎಂಟು ತಿಂಗಳಾಗಿತ್ತು. ಬಿಟ್ಟೆ ಅಂತ ಅವಳೇನೂ ಡಂಗುರ ಸಾರಿರಲಿಲ್ಲ. ಮಗಳು ತೊಳಸಿದ ಮುದ್ದೆ ತಿನ್ನುತ್ತಿದ್ದಳು, ಮಗಳು ಕಾಯಿಸಿದ ಟೀಯನ್ನೂ ಸೊರಸೊರ ಎಳೆಯುತ್ತಿದ್ದಳು. ನೀರಿನ ಚೊಂಬು ಮಾತ್ರ ಗಂಗಾಲಕ್ಷ್ಮಿಯ ಕೈಯಲ್ಲಿ ಕಂಡರೆ ಮುಖ ಆ ಕಡೆ ತಿರುಗುತ್ತಿತ್ತು. "ಅಲ್ಲೇ ಇಡು" ಎನ್ನುತ್ತಿದ್ದಳು. ಇಟ್ಟ ಚೊಂಬು ಸಂಜೆಯವರೆಗೂ ಇಟ್ಟಲ್ಲೇ ಇರುತ್ತಿತ್ತು. ಬಾಯಾರಿದಾಗ ಮುದುಕಿ ತಾನೇ ಮಂಡಿ ಹಿಡಿದುಕೊಂಡು ಎದ್ದು, ಹಿತ್ತಲಿನ ಡ್ರಮ್ಮಿನಿಂದ ಮೊಗೆದು ಕುಡಿದು ಬರುತ್ತಿದ್ದಳು.

ಯಾಕೆ ಅಂತ ದೇವರಾಯಸಮುದ್ರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕೇಳದಿದ್ದರೂ ಹೇಳುತ್ತಿದ್ದರು. ಗಂಗಾಲಕ್ಷ್ಮಿ, ಹೆತ್ತ ಅಪ್ಪನಿಗೆ ಸಾಯುವಾಗ ನೀರು ಕೊಡದ ಮಗಳು.

ಅವಳ ಅಪ್ಪ ಪೆದ್ದಪ್ಪ ಆ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ಅಳೆದು ಬಿಡುವ ಕೆಲಸ ಅವನ ತಾತನ ಕಾಲದಿಂದ ಆ ಮನೆಯದು. ಕೆರೆ ಬತ್ತಿದ ವರ್ಷಗಳಲ್ಲಿ ಪಂಚಾಯ್ತಿಯವರು ಬೋರಿನ ನೀರಿನ ವಾಲ್ವು ತಿರುಗಿಸುವ ಕೆಲಸವನ್ನೂ ಅವನಿಗೇ ಕೊಟ್ಟರು. ಯಾವ ಬೀದಿಗೂ ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಮ್ಮಿಯಿಲ್ಲ. ಅಂಥವನ ಎರಡೂ ಕಿಡ್ನಿ ಕೈಕೊಟ್ಟವು. ಸೋಮವಾರ, ಗುರುವಾರ ಕೋಲಾರಕ್ಕೆ ಹೋಗಿ ಡಯಾಲಿಸಿಸ್. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿಯಿಲ್ಲ, ದಿನಕ್ಕೆ ಮೂರು ಕಪ್ಪಿನ ಮೇಲೆ ಒಂದು ಗುಟುಕೂ ಬೇಡ, ಹೆಚ್ಚಾದರೆ ಎದೆಗೆ ತುಂಬಿಕೊಳ್ಳುತ್ತದೆ ಎಂದು ಡಾಕ್ಟರು ಗಂಗಾಲಕ್ಷ್ಮಿಗೆ ಬಿಡಿಸಿ ಹೇಳಿದರು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಹೆಂಗಸು ಅವಳು. ಆ ವಿಷಯದಲ್ಲಿ ಅಪ್ಪನ ಮಗಳೇ.

ಗಂಡನ ಮನೆ ಸರಿಹೋಗದೆ ತವರಿಗೆ ಬಂದು ಹತ್ತು ವರ್ಷವಾಗಿತ್ತು. ಮುಳಬಾಗಿಲಿನಲ್ಲಿ ಒಂದು ಟೈಲ್ಸ್ ಅಂಗಡಿಯ ಕೆಲಸ. ಬೆಳಿಗ್ಗೆ ಬಸ್ಸು ಹಿಡಿಯುವ ಮೊದಲು ಪಿಂಗಾಣಿ ಕಪ್ಪಿನಲ್ಲಿ ಮೂರು ಸಲ ನೀರು ಅಳೆದು ಬಾಟಲಿಗೆ ಹುಯ್ದು, "ಇವತ್ತಿಗೆ ಇಷ್ಟೇ" ಎಂದು ಅಮ್ಮನಿಗೆ ಕೊಟ್ಟು ಹೋಗುತ್ತಿದ್ದಳು. ಮೇ ತಿಂಗಳ ಬಿಸಿಲಿಗೆ ಶೀಟಿನ ಮನೆ ಬಾಣಲೆಯಾಗಿರುತ್ತಿತ್ತು. ಸಂಜೆ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಮಂಚದಿಂದ ದನಿ ಬರುತ್ತಿತ್ತು. "ಕೊಂಚೆಂ ನೀಳ್ಳಿಯ್ಯಮ್ಮಾ." ಮನೆಯಲ್ಲಿ ಕನ್ನಡ ಆಡುತ್ತಿದ್ದವನು ಕೊನೆಕೊನೆಗೆ ಹುಟ್ಟಿದಾಗಿನ ತೆಲುಗಿಗೇ ಇಳಿದಿದ್ದ. ಸ್ವಲ್ಪ ನೀರು ಕೊಡಮ್ಮಾ, ಅಷ್ಟೇ, ಬೇರೆ ಮಾತೇ ಇಲ್ಲ.

"ಬೇಡ ನಾಯನಾ. ಇವತ್ತಿಂದು ಆಯ್ತು" ಎಂದು ಅಪ್ಪನಿಗೆ ಹೇಳುತ್ತಿದ್ದಳು. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸುತ್ತಿದ್ದಳು. ಅವನು ಆ ಬಟ್ಟೆಯನ್ನೇ ಹಲ್ಲಲ್ಲಿ ಹಿಡಿದು ಚೀಪುತ್ತಿದ್ದ. ಬಿಡಿಸಿಕೊಳ್ಳುವುದಕ್ಕೆ ಎಳೆಯಬೇಕಾಗುತ್ತಿತ್ತು.

ಒಂದು ಭಾನುವಾರ ಸಂಜೆ ಉಸಿರು ಕಟ್ಟಿತು. ಆಂಬುಲೆನ್ಸ್ ಬಂತು. ಕೋಲಾರ ಮುಟ್ಟಿದಾಗ ಡಾಕ್ಟರು, "ಎದೆ ತುಂಬಾ ನೀರು. ಎಷ್ಟು ಕೊಟ್ರಿ?" ಎಂದು ಕೇಳಿದರು. "ಮೂರೇ ಕಪ್ ಸಾರ್" ಎಂದಳು. ಅವರು ಅವಳನ್ನೊಮ್ಮೆ ನೋಡಿ ಒಳಗೆ ಹೋದರು. ಸೋಮವಾರ ಬೆಳಗಾಗುವಷ್ಟರಲ್ಲಿ ಪೆದ್ದಪ್ಪ ಇರಲಿಲ್ಲ.

ಮೂರನೇ ದಿನ ಹಾಲುತುಪ್ಪ. ಮಣ್ಣು ಮಾಡಿದ ಜಾಗದಲ್ಲಿ ಎಲೆ ಹಾಸಿ, ಅವನಿಗೆ ಇಷ್ಟವಾದ ಮುದ್ದೆ, ಉಪ್ಪುಸಾರು, ಕೋಳಿ, ಒಂದು ಬೀಡಿ ಕಟ್ಟು ಎಲ್ಲ ಇಟ್ಟು ಜನ ಹಿಂದೆ ಸರಿದು ನಿಂತರು. ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಹೋದವನಿಗೆ ತೃಪ್ತಿ, ಇದ್ದವರಿಗೆ ಊಟ. ಒಂದು ಕಾಗೆ ಬಂದು ಹುಣಸೇಮರದಲ್ಲಿ ಕೂತಿತು. ಎಲೆಯನ್ನು ನೋಡಿತು, ಜನರನ್ನು ನೋಡಿತು, ಕೂತೇ ಇತ್ತು. ಚಿಕ್ಕಪ್ಪನ ಮಗ ಶಿವಕುಮಾರ್ ಕೈಮುಗಿದು, "ನಿನ್ನ ಹೆಂಡ್ತೀನ ನಾವು ನೋಡ್ಕೋತೀವಿ, ತಿನ್ನು ದೊಡ್ಡಪ್ಪಾ" ಎಂದು ಬೇಡಿಕೊಂಡ. ಕಾಗೆ ಹಾರಿಹೋಯಿತು.

ಆಗ ಬಾಯಿ ಬಿಟ್ಟವಳು ದೊಡ್ಡಮುನಿಯಮ್ಮ. ಊರಿನ ಸಾವುಗಳಿಗೆಲ್ಲ ಅವಳೇ ಮೇಲ್ವಿಚಾರಕಿ. ಯಾರು ಎಷ್ಟು ಅತ್ತರು, ಯಾರು ಅಳಲಿಲ್ಲ, ಯಾವ ಸೊಸೆ ಹೊಸ ಸೀರೆ ಉಟ್ಟು ಬಂದಳು, ಎಲ್ಲದರ ಹಾಜರಿ ಅವಳ ಹತ್ತಿರ ಇರುತ್ತಿತ್ತು. "ನೀರು ನೀರು ಅಂತ ಬಡ್ಕೊಂಡು ಹೋಗವ್ನೆ. ಈಗ ಅನ್ನ ಇಟ್ರೆ ಯಾವ ಗಂಟಲಲ್ಲಿ ನುಂಗ್ತಾನೆ" ಎಂದು ಗಂಗಾಲಕ್ಷ್ಮಿಯ ಮುಖ ನೋಡಿದಳು. ಎಲ್ಲರೂ ನೋಡಿದರು. ಮುತ್ಯಾಲಮ್ಮ ಒಬ್ಬಳು ನೆಲ ನೋಡಿದಳು. ಮಗಳ ಪರವಾಗಿ ಒಂದು ಮಾತು ಆಡಲಿಲ್ಲ. ಆ ಸಂಜೆ ಗಂಗಾಲಕ್ಷ್ಮಿ ಕೊಟ್ಟ ಚೊಂಬನ್ನೂ ಮುಟ್ಟಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಮತ್ತೆ ಎಡೆ ಇಟ್ಟರು. ಆವತ್ತಂತೂ ಕಾಗೆ ಮರಕ್ಕೂ ಬರಲಿಲ್ಲ. ಎಡೆಯನ್ನು ಕೊನೆಗೆ ಹಸುವಿಗೆ ಹಾಕಿದರು.

ಗಂಗಾಲಕ್ಷ್ಮಿಗೆ ಊರಿನವರ ಮಾತು ಒಂದು ತೂಕವಾದರೆ ಅಮ್ಮನ ಆ ತಿರುಗಿದ ಮುಖ ಹತ್ತು ತೂಕ. ನಿಜ ಹೇಳಬೇಕೆಂದರೆ ಅವಳೂ ನಂಬಿಬಿಟ್ಟಿದ್ದಳು. ಅಪ್ಪ ತನ್ನ ಮೇಲೆ ಸಿಟ್ಟಿಟ್ಟುಕೊಂಡು ಹೋದ, ಹೋದ ಮೇಲೂ ಬಾಯಾರಿಕೊಂಡು ಅಲೆಯುತ್ತಿದ್ದಾನೆ ಎಂದು. ವರ್ಷದ ತಿಥಿಗಾದರೂ ಕಾಗೆ ಎಡೆ ಮುಟ್ಟಬೇಕು. ಮುಟ್ಟಿದರೆ ಅಪ್ಪ ಕ್ಷಮಿಸಿದ ಹಾಗೆ. ಅಪ್ಪನೇ ಕ್ಷಮಿಸಿದ ಮೇಲೆ ಅಮ್ಮ ಇವಳ ಕೈಯ ನೀರನ್ನು ಬೇಡ ಅನ್ನುವುದಕ್ಕೆ ಕಾರಣವೆಲ್ಲಿ ಉಳಿಯುತ್ತದೆ? ಹೀಗೆ ಲೆಕ್ಕ ಹಾಕಿಕೊಂಡು ಸಂಕ್ರಾಂತಿ ಕಳೆದ ಮೇಲೆ ಹಿತ್ತಲಿನಲ್ಲಿ ಹಕ್ಕಿಗಳಿಗೆ ಒಂದು ನೀರಿನ ತೊಟ್ಟಿ ಕಟ್ಟಬೇಕೆಂದು ತೀರ್ಮಾನ ಮಾಡಿದಳು. ಅಂಗಡಿಯ ಹಿಂದೆ ಒಡೆದ ಟೈಲ್ಸಿನ ರಾಶಿ ಬಿದ್ದಿರುತ್ತಿತ್ತು. ಆ ಚೂರುಗಳನ್ನು ಜೋಡಿಸಿ ಮಾಡಿದ ತೊಟ್ಟಿಯ ಚಿತ್ರ ಅವಳು ಫೋನಿನಲ್ಲಿ ನೋಡಿದ್ದಳು.

ಟೈಲ್ಸ್ ಹಾಕುವ ಮೇಸ್ತ್ರಿ ಮುನಿಶಾಮಿ ಅಂಗಡಿಗೆ ಬರುವವನು. ಐವತ್ತು ದಾಟಿದ ಮನುಷ್ಯ, ಮಾತು ಕಮ್ಮಿ, ಎಲೆ ಅಡಿಕೆ ಜಾಸ್ತಿ. ಒಂದು ಭಾನುವಾರ ಕರಣೆ ಸಮೇತ ಬಂದು ದಾರಿ ತೋರಿಸಿದ.

"ಮರಳನ್ನ ಗುಡ್ಡೆ ಮಾಡಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಅದರ ಮೇಲೆ ಸಿಮೆಂಟ್ ಬಡಿಯೋದು ಕಣಮ್ಮ. ಒಣಗಿದ ಮೇಲೆ ಬೋರಲು ಹಾಕಿದ್ರೆ ತಟ್ಟೆ ಆಗ್ತದೆ. ಎರಡು ಬೆರಳು ಆಳ ಸಾಕು."

"ಎರಡು ಬೆರಳಾ?"

"ಹಕ್ಕಿ ಕಾಲೆಷ್ಟುದ್ದ ಇರ್ತದೆ? ಒಳಗೆ ಮಾಲೂರು ಹೆಂಚಿನ ಚೂರು ಹಾಕು. ಒರಟಾಗಿರ್ತದೆ, ಹಿಡಿತ ಸಿಗ್ತದೆ. ಈ ನೈಸು ಟೈಲ್ಸೆಲ್ಲ ಹೊರಗಡೆ ಅಂಟಿಸ್ಕೋ, ಚಂದಕ್ಕೆ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇನ್ನೊಂದು ಸಮಯವಾಗಿದ್ದರೆ ಅವಳು ಬೆರಳಿಟ್ಟು ಅಳೆದು ಹಾಗೆಯೇ ಮಾಡುತ್ತಿದ್ದಳು. ಎರಡು ಬೆರಳು ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳಿಗೆ ಮೈಯೆಲ್ಲ ಉರಿಯಿತು. ಒಂದು ಸಲ ಅಳೆದು ಕೊಟ್ಟು ಪಟ್ಟ ಪಾಡು ಸಾಲದೇ?

"ಅಳತೆ ಮಾತು ಆಡಬೇಡ ಮುನಿಶಾಮಣ್ಣ. ಗೇಣು ಆಳ ಇರಲಿ. ತುಂಬಿ ತುಳುಕ್ಬೇಕು. ನಮ್ಮ ನಾಯನ ಬಂದ್ರೆ ತಲೆ ಮುಳುಗಿಸಿ ಕುಡೀಬೇಕು."

ಮುನಿಶಾಮಿ ಅವಳ ಮುಖ ನೋಡಿದ. ಅವನಿಗೂ ಊರಿನ ಮಾತು ಗೊತ್ತಿತ್ತು. "ನಿನ್ನಿಷ್ಟ ಕಣಮ್ಮ" ಎಂದು ಎಲೆಗೆ ಸುಣ್ಣ ಹಚ್ಚಿದ. ಹಠ ಹಿಡಿದ ಹೆಂಗಸಿನ ಹತ್ತಿರ ವಾದ ಮಾಡುವ ವಯಸ್ಸು ಅವನಿಗೆ ದಾಟಿಹೋಗಿತ್ತು.

ಮರಳಿನ ಗುಡ್ಡೆ ಬಿಟ್ಟು, ಹಳೇ ಪ್ಲಾಸ್ಟಿಕ್ ಟಬ್ಬನ್ನು ಬೋರಲು ಹಾಕಿ ಅದರ ಮೇಲೆ ಸಿಮೆಂಟ್ ಬಡಿದರು. ಹಾಗಾಗಿ ತೊಟ್ಟಿಯ ಗೋಡೆ ಇಳಿಜಾರಾಗಲಿಲ್ಲ, ನೆಟ್ಟಗೆ ನಿಂತಿತು. ಏಳು ದಿನ ಗೋಣಿಚೀಲ ಹೊದಿಸಿ ನೀರು ಕುಡಿಸಿದಳು. ಆಮೇಲೆ ದಿನಾ ಸಂಜೆ ಬಸ್ಸಿಳಿದವಳೇ ಹಿತ್ತಲಿಗೆ ಹೋಗಿ ಕೂರುವಳು. ಟೈಲ್ಸನ್ನು ಗೋಣಿಚೀಲದೊಳಗಿಟ್ಟು ಸುತ್ತಿಗೆಯಲ್ಲಿ ಕುಟ್ಟುವಳು. ಚೂರುಗಳನ್ನು ಬಣ್ಣ ಬಣ್ಣವಾಗಿ ವಿಂಗಡಿಸಿ, ಒಂದೊಂದರ ಬೆನ್ನಿಗೂ ಅಂಟು ಬಳಿದು ಒತ್ತುವಳು. ಹೊರಗೆ ಹಳದಿ, ಹಸಿರು. ಒಳಗೆಲ್ಲ ಬಚ್ಚಲಮನೆಗೆ ಹಾಕುವ ನೀಲಿ, ಕನ್ನಡಿಯಂತೆ ಹೊಳೆಯುವುದು. ಬೆರಳ ತುದಿಯೆಲ್ಲ ಕೊಯ್ದುಕೊಂಡಳು. ನೀರು ಅಳೆಯುತ್ತಿದ್ದ ಪಿಂಗಾಣಿ ಕಪ್ಪನ್ನೂ ಒಂದು ದಿನ ತಂದು ಚೀಲದೊಳಗಿಟ್ಟು ಒಂದೇ ಏಟಿಗೆ ಪುಡಿ ಮಾಡಿದಳು. ಆ ಬಿಳಿ ಚೂರುಗಳು ತಳಕ್ಕೆ ಹೋದವು. ಆವತ್ತು ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ಮುತ್ಯಾಲಮ್ಮ ಹಿತ್ತಲ ಬಾಗಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಏನು ಮಾಡ್ತಿದ್ದೀಯ ಅಂತ ಕೇಳಲಿಲ್ಲ. ತೊಟ್ಟಿಯನ್ನು ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂರಿಸಿ, ಸಂದಿಗೆಲ್ಲ ಬಿಳಿ ಸಿಮೆಂಟಿನ ಪುಡಿ ತುಂಬಿ ಒರೆಸಿ, ಎರಡು ಕೊಡ ನೀರು ಸುರಿದ ದಿನ ಮಾತ್ರ, "ಇಷ್ಟೊಂದು ಯಾಕೆ?" ಎಂದಳು.

"ಸಾಕಾಗೋವಷ್ಟು ಕುಡೀಲಿ ಅಂತ."

ಮುದುಕಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಮೊದಲು ಗೊರವಂಕ ಬಂದವು, ಆಮೇಲೆ ಪಿಕಳಾರ. ಅಂಚಿನಲ್ಲಿ ಕೂತು, ಕತ್ತು ಚಾಚಿ, ತುಳುಕುವ ನೀರಿಗೆ ಕೊಕ್ಕಿಟ್ಟು ಹಾರಿಹೋಗುತ್ತಿದ್ದವು. ಯಾವುದೂ ಒಳಗಿಳಿದು ಮೈ ತೊಳೆಯಲಿಲ್ಲ. ಅದು ಅವಳಿಗೆ ಸಣ್ಣ ಬೇಸರವೇ ಆಯಿತು, ಯಾಕೆಂದು ಯೋಚಿಸಲಿಲ್ಲ. ಮಾರ್ಚಿನಲ್ಲಿ ಕಾಗೆ ಬಂತು. ಒಣಗಿದ ರೊಟ್ಟಿ ಚೂರೊಂದನ್ನು ತಂದು ನೀರಿನಲ್ಲಿ ಅದ್ದಿ ತಿಂದಿತು. ಬಸ್ಸು ತಪ್ಪಿದರೂ ಪರವಾಗಿಲ್ಲವೆಂದು ಗಂಗಾಲಕ್ಷ್ಮಿ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತು ನೋಡಿದಳು. ಅಳು ಬಂತು. "ಕುಡಿ ನಾಯನಾ" ಎಂದುಕೊಂಡಳು. ಏಪ್ರಿಲಿನಲ್ಲಿ ಬೇವಿನ ಮರದಲ್ಲೇ ಕಾಗೆ ಜೋಡಿಯೊಂದು ಕಡ್ಡಿ ಸೇರಿಸಿ ಗೂಡು ಕಟ್ಟಿತು. ಇನ್ನೇನು ಬೇಕು? ತಿಥಿ ದಿನ ಕಾಗೆಯನ್ನು ಕರೆಯುವುದಕ್ಕೆ ಆಕಾಶ ನೋಡುವ ಹಂಗೇ ಇಲ್ಲ. ಅವು ಮನೆಯ ಜನವೇ ಆಗಿಬಿಟ್ಟವು. ಅವಳು ಅಂಗಡಿಯಲ್ಲಿ ಗಿರಾಕಿಗಳ ಜೊತೆ ನಗುನಗುತ್ತ ಮಾತಾಡಲು ಶುರುಮಾಡಿದ್ದು ಆಗಲೇ.

ವರ್ಷದ ತಿಥಿ ಮೇ ಕೊನೆಗೆ ಬಂತು. ನೆಂಟರು, ಶಿವಕುಮಾರನ ಮನೆಯವರು, ಅಕ್ಕಪಕ್ಕದವರು, ಕರೆಯದಿದ್ದರೂ ದೊಡ್ಡಮುನಿಯಮ್ಮ, ಎಲ್ಲ ಸೇರಿ ಮೂವತ್ತು ಜನ. ಹಿಂದಿನ ದಿನದಿಂದ ಗಂಗಾಲಕ್ಷ್ಮಿ ಒಲೆ ಬಿಟ್ಟು ಎದ್ದಿರಲಿಲ್ಲ. ತೊಟ್ಟಿಗೆ ನೀರು ತುಂಬುವುದು ಒಂದು ದಿನವೂ ತಪ್ಪದವಳಿಗೆ ಆವತ್ತು ಮರೆಯಿತು. ನೆಂಟರ ಮಕ್ಕಳು ಕೈಕಾಲು ತೊಳೆಯಲು ಅದರಿಂದಲೇ ಮೊಗೆದು ಚೆಲ್ಲಿದ್ದರಿಂದ ನೀರು ಅರ್ಧಕ್ಕೆ ಇಳಿದಿತ್ತು.

ಬೆಳಿಗ್ಗೆ ಹನ್ನೊಂದಕ್ಕೆ ಎಡೆಯ ಎಲೆ ಹಿಡಿದು ಅವಳು ಹಿತ್ತಲಿಗೆ ಬಂದಳು. ಹಿಂದೆ ಜನ. ಬೇವಿನ ಮರದ ಮೇಲೆ ಇಪ್ಪತ್ತು ಮೂವತ್ತು ಕಾಗೆ ಕೂತು ಒಂದೇ ಸಮನೆ ಕಿರುಚುತ್ತಿದ್ದವು. "ನೋಡ್ರೋ, ಎಷ್ಟು ಬಂದವೆ" ಎಂದು ಯಾರೋ ಸಂತೋಷಪಟ್ಟರು. ಗಂಗಾಲಕ್ಷ್ಮಿಯ ಎದೆ ಹಿಗ್ಗಿತು. ಎಲೆಯನ್ನು ಹಿತ್ತಲ ಗೋಡೆಯ ಮೇಲಿಟ್ಟು, ಕೈಮುಗಿದು, "ಬಾ ನಾಯನಾ" ಎಂದಳು.

ಒಂದು ಕಾಗೆಯೂ ಎಲೆಯ ಕಡೆ ತಿರುಗಲಿಲ್ಲ. ಎಲ್ಲವೂ ಕೆಳಗೆ ನೋಡಿಕೊಂಡು ಕಿರುಚುತ್ತಿದ್ದವು. ಒಂದು ಜೋರಾಗಿ ಎರಗಿ ಬಂದು ಶಿವಕುಮಾರನ ತಲೆಗೆ ಕುಟುಕಿ ಹೋಯಿತು. ಆಗ ಅವಳು ತೊಟ್ಟಿಯ ಹತ್ತಿರ ಹೋಗಿ ನೋಡಿದಳು.

ಗೂಡಿನಿಂದ ಹೊಸದಾಗಿ ಇಳಿದ ಮರಿ. ನೀರಿಗೆಂದು ಬಗ್ಗಿ ಒಳಗೆ ಬಿದ್ದಿತ್ತು. ರೆಕ್ಕೆ ಎರಡೂ ಚಾಚಿಕೊಂಡು, ಮುಖ ಕೆಳಗಾಗಿ ತೇಲುತ್ತಿತ್ತು. ನೀರಿನ ಮೇಲೆದ್ದ ನೀಲಿ ಗೋಡೆಯಲ್ಲಿ ಸುತ್ತಲೂ ಒದ್ದೆಯ ಗೆರೆಗಳಿದ್ದವು. ಹತ್ತಲು ಎಷ್ಟು ಸಲ ನೋಡಿತ್ತೋ. ಎಲ್ಲಿಯೂ ಉಗುರು ನಿಲ್ಲಲಿಲ್ಲ. ಎರಡು ಬೆರಳು ಸಾಕು ಎಂದಿದ್ದ ಮುನಿಶಾಮಿ. ಅವಳು ತೊಟ್ಟಿಯ ಅಂಚು ಹಿಡಿದುಕೊಂಡಳು.

ಜನರೆಲ್ಲ ಬಂದು ಇಣುಕಿದರು. "ಆವತ್ತು ಕೊಡದೆ ಕೊಂದ್ಳು, ಇವತ್ತು..." ಎಂದು ದೊಡ್ಡಮುನಿಯಮ್ಮ ಶುರುಮಾಡಿದಳು.

"ಸಾಕು ಬಾಯಿ ಮುಚ್ಚೇ" ಎಂದಳು ಮುತ್ಯಾಲಮ್ಮ.

ಎಲ್ಲರೂ ಹಿಂದೆ ತಿರುಗಿದರು. ಮುದುಕಿ ಜನರನ್ನು ಸರಿಸಿಕೊಂಡು ಬಂದು, ಎರಡೂ ಕೈ ನೀರಿಗಿಳಿಸಿ ಮರಿಯನ್ನೆತ್ತಿದಳು. ಅದರ ಕೊಕ್ಕಿನಿಂದ ನೀರು ಇಳಿಯಿತು. ಅದನ್ನು ಮಡಿಲಿನಲ್ಲಿಟ್ಟುಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು.

"ನಿಮ್ಮಪ್ಪ ಬಾಯಾರಿಕೊಂಡು ಹೋಗಲಿಲ್ಲ ಕಣೇ" ಎಂದಳು. "ಇದು ಹೋದಂಗೇ ಹೋದ."

ಗಂಗಾಲಕ್ಷ್ಮಿಗೆ ಅರ್ಥವಾಗಲಿಲ್ಲ.

"ಆ ಭಾನುವಾರ ಸ್ಟಾಕಿನ ಲೆಕ್ಕ ಇದೆ ಅಂತ ನೀನು ಅಂಗಡಿಗೆ ಹೋಗಿದ್ದೆ. ಮಧ್ಯಾಹ್ನ ಮಂಚದಿಂದ ಇಳಿದು ತೆವಳ್ಕೊಂಡು ಬಂದ. ನನ್ನ ಕಾಲು ಹಿಡ್ಕೊಂಡ. ಕಟ್ಕೊಂಡ ಗಂಡ ಕಾಲು ಹಿಡಿದ್ರೆ ನಾನೇನು ಮಾಡ್ಲಿ? ಊರಿಗೆಲ್ಲ ನೀರು ಬಿಟ್ಟೋನು ನಾನು, ನನಗೊಂದು ಚೊಂಬು ಇಲ್ವಾ ಅಂದ. ಕೊಟ್ಟೆ. ಇನ್ನೊಂದು ಅಂದ. ಕೊಟ್ಟೆ. ಮೂರು ಚೊಂಬು ಗಟಗಟ ಕುಡಿದ. ಬಾಯಿ ಒರೆಸ್ಕೊಂಡು ನಕ್ಕ. ಅವನು ನಕ್ಕು ಎಷ್ಟು ತಿಂಗಳಾಗಿತ್ತೋ. ಸಂಜೆಗೆ ಉಸಿರು ಕಟ್ಟಿತು."

ಕಾಗೆಗಳ ಗದ್ದಲದಲ್ಲಿ ಅವಳ ಮಾತು ಕೇಳಲು ಜನ ಒಂದು ಹೆಜ್ಜೆ ಹತ್ತಿರ ಬಂದರು.

"ಡಾಕ್ಟ್ರಿಗೆ ನೀನು ಮೂರು ಕಪ್ ಅಂದೆ. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬರಲಿಲ್ಲ. ಮೂರನೇ ದಿನ ಈ ದೊಡ್ಡಮುನಿಯಮ್ಮ ನಿನ್ನ ಮುಖ ನೋಡಿ ಅಂದ್ಳು, ಆಗಲೂ ಬರಲಿಲ್ಲ. ಒಂದು ಸಲ ಸುಮ್ಮನಾದ್ಮೇಲೆ ಆಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ? ನಿನ್ನ ಕೈಯಲ್ಲಿ ಚೊಂಬು ಕಂಡ್ರೆ ಸಾಕು, ನನ್ನ ಕೈಯಲ್ಲಿದ್ದಿದ್ದೇ ಕಣ್ಣಿಗೆ ಕಟ್ಟೋದು. ನಿನ್ನ ಮೇಲಿನ ಸಿಟ್ಟಲ್ಲ ಕಣೇ ಅದು. ನಿನ್ನ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ."

ದೊಡ್ಡಮುನಿಯಮ್ಮ ಸೆರಗು ಸರಿಮಾಡಿಕೊಂಡು ಜನರ ಹಿಂದಕ್ಕೆ ಸರಿದಳು.

ಗಂಗಾಲಕ್ಷ್ಮಿಗೆ ಮೊದಲು ಬಂದದ್ದು ಸಮಾಧಾನ. ಅಪ್ಪ ಹೊಟ್ಟೆ ತುಂಬಾ ಕುಡಿದು ಹೋದ. ನಕ್ಕು ಹೋದ. ಅದರ ಬೆನ್ನಿಗೇ ಬಂದದ್ದು ಸಿಟ್ಟು. ಆ ನಗು ಇವಳಿಗೆ ಸಿಗಲಿಲ್ಲ. ಇವಳಿಗೆ ಸಿಕ್ಕಿದ್ದು ಅವನು ಬೇಡಿದ್ದು, ಬಟ್ಟೆ ಚೀಪಿದ್ದು ಮಾತ್ರ. ಅವನು ಬದುಕಲಿ ಎಂದು ಮನಸ್ಸನ್ನು ಕಲ್ಲು ಮಾಡಿಕೊಂಡು ಅಳೆದಳು, ಅಮ್ಮ ಒಂದು ಮಧ್ಯಾಹ್ನದಲ್ಲಿ ಅಷ್ಟನ್ನೂ ಹುಯ್ದುಬಿಟ್ಟಳು. ಆಮೇಲೆ ಕೊಂದವಳು ಎಂಬ ಹೆಸರನ್ನು ಮಗಳ ಹೆಗಲಿಗೆ ಹಾಕಿ, ದಿನಾ ಅವಳ ಎದುರಿಗೇ ಕೂತು ಮುದ್ದೆ ತಿಂದಳು.

"ಒಂದು ವರ್ಷ, ಅಮ್ಮಾ" ಎಂದಳು.

"ಹೌದು ಕಣೇ. ಒಂದು ವರ್ಷ" ಎಂದಳು ಮುತ್ಯಾಲಮ್ಮ. ಸತ್ತ ಮರಿಯನ್ನು ಮಡಿಲಿನಿಂದ ಎತ್ತಿ ಕಲ್ಲಿನ ಮೇಲೆ ಪಕ್ಕಕ್ಕಿಟ್ಟಳು. ಕೈಗಳನ್ನು ಸೀರೆಗೆ ಒರೆಸಿಕೊಂಡಳು. ಎಲ್ಲವನ್ನೂ ಹೇಳಿ ಮುಗಿಸಿದ್ದರಿಂದ ಅವಳ ಮುಖ ಹಗುರಾಗಿತ್ತು, ವಯಸ್ಸು ನಾಲ್ಕು ವರ್ಷ ಇಳಿದ ಹಾಗೆ. "ಬಾಯಿ ಒಣಗಿಹೋಯ್ತು. ನೀರು ಕೊಡೆ ಗಂಗಾ."

ಶಿವಕುಮಾರ್ ಚೊಂಬು ತರಲು ಹೊರಟ. "ನೀನಲ್ಲ, ಅವಳು ಕೊಡ್ಲಿ" ಎಂದು ಮುದುಕಿ ಎರಡೂ ಅಂಗೈ ಸೇರಿಸಿ ಬೊಗಸೆ ಮಾಡಿ ಮಗಳ ಕಡೆ ಚಾಚಿದಳು. ಎಲ್ಲರೂ ಗಂಗಾಲಕ್ಷ್ಮಿಯನ್ನು ನೋಡಿದರು. ಒಂದು ವರ್ಷದಿಂದ ಅವಳು ಕಾದದ್ದು ಇದಕ್ಕೇ ಅಲ್ಲವೇ? ನೆಂಟರು ಕುಡಿಯಲೆಂದು ತುಂಬಿಟ್ಟ ಕೊಡ ಅವಳ ಕಾಲಿನ ಪಕ್ಕದಲ್ಲೇ ಇತ್ತು, ಮೇಲೆ ಚೊಂಬೂ ಇತ್ತು. ಬಗ್ಗಿದರೆ ಸಿಗುತ್ತಿತ್ತು. ಅವಳು ಬಗ್ಗಬೇಕೆಂದುಕೊಂಡಳು, ನಿಜವಾಗಿಯೂ ಅಂದುಕೊಂಡಳು.

ಅಮ್ಮನ ಬೊಗಸೆ ಚಾಚಿದ್ದು ಚಾಚಿದಂತೆಯೇ ಇತ್ತು. ಗಂಗಾಲಕ್ಷ್ಮಿಗೆ ಕೈ ಬರಲಿಲ್ಲ.